ಮೀಟಿದ ಸ್ವರ ಆರದಂತೆ

ಗಿಟಾರಿನ ತಂತಿಯನ್ನು ಮೀಟಿ ಕೈ ತೆಗೆದರೆ ಸ್ವರ ಕೆಲವು ಕ್ಷಣ ತುಂಬಿ ನಿಂತು, ಆಮೇಲೆ ಮೆಲ್ಲಗೆ ಇಳಿಯುತ್ತ ಆರಿಹೋಗುತ್ತದೆ. ಬೆರಳು ಕೊಟ್ಟ ಶಕ್ತಿಯಲ್ಲಿ ಒಂದು ಪಾಲು, ತಂತಿಯನ್ನು ಹೊತ್ತು ನಿಲ್ಲುವ ಕುದುರೆ ಎಂಬ ತುಂಡಿನ ಮೂಲಕ ಮರದ ಹಲಗೆಗೆ ಇಳಿದು ಗಾಳಿಯಲ್ಲಿ ಸದ್ದಾಗಿ ಹರಡುತ್ತದೆ. ಉಳಿದದ್ದು ತಂತಿಯ ಒಳಗಿನ ತಿಕ್ಕಾಟದಲ್ಲಿಯೂ ಸುತ್ತಲಿನ ಗಾಳಿಯ ತಡೆಯಲ್ಲಿಯೂ ಶಾಖವಾಗಿ ಕರಗುತ್ತದೆ. ಸ್ವರ ಆರಬಾರದು ಎಂದರೆ ಪ್ರತಿ ಕಂಪನದಲ್ಲಿ ಎಷ್ಟು ಶಕ್ತಿ ಸೋರಿತೋ ಅಷ್ಟನ್ನೇ, ಸರಿಯಾದ ಗಳಿಗೆಯಲ್ಲಿ ತಂತಿಗೆ ಮರಳಿಸುತ್ತಿರಬೇಕು. ತೊಟ್ಟಿಲು ತೂಗುವವರು ಮಾಡುವುದೂ ಇದನ್ನೇ. ತೊಟ್ಟಿಲು ತಮ್ಮಿಂದ ಆಚೆ ಹೊರಡುವ ಹೊತ್ತಿಗೆ ಬೆರಳ ತುದಿಯಿಂದ ತಳ್ಳಿದರೆ ಸಾಕು, ಅದು ತೂಗುತ್ತಲೇ ಇರುತ್ತದೆ. ಎದುರು ಬರುವಾಗ ತಳ್ಳಿದರೆ ಎಷ್ಟೇ ಬಲ ಹಾಕಿದರೂ ನಿಂತುಬಿಡುತ್ತದೆ.

ಈ ಬರಹದಲ್ಲಿ ಹೇಳುವ ಎಲ್ಲ ವಿಧಾನಗಳನ್ನೂ ಒಂದು ಪ್ರಶ್ನೆ ಎರಡಾಗಿ ಒಡೆಯುತ್ತದೆ: ತಳ್ಳುವ ಗಳಿಗೆಯನ್ನು ನಿರ್ಧರಿಸುವವರು ಯಾರು? ಕಮಾನು, ಗಾಳಿ, ಹೊರಟ ಸದ್ದೇ ಸುತ್ತಿ ಮರಳಿ ಬರುವ ಫೀಡ್‌ಬ್ಯಾಕ್ ಇವುಗಳಲ್ಲಿ ಕಂಪಿಸುವ ವಸ್ತುವೇ ಆ ಗಳಿಗೆಯನ್ನು ಆರಿಸಿಕೊಳ್ಳುತ್ತದೆ, ಹೀಗಾಗಿ ಶ್ರುತಿ ಚೂರು ಅತ್ತಿತ್ತ ಸರಿದರೂ ಸ್ವರ ಮುಂದುವರಿಯುತ್ತದೆ. ನಾವು ಆರಿಸಿದ ಆವೃತ್ತಿಯಲ್ಲಿ ವಿದ್ಯುತ್ ಸಂಕೇತ ಹೊರಡಿಸುವ ಆಸಿಲೇಟರ್ ಎಂಬ ಹೊರಗಿನ ಸಾಧನ ತಂತಿಯನ್ನು ಕುಣಿಸುವಾಗ ಮಾತ್ರ ಲೆಕ್ಕ ಆಸಿಲೇಟರಿನದು, ತಂತಿ ಅದಕ್ಕೆ ಹೊಂದಿಕೊಳ್ಳಬೇಕು. ಮೊದಲ ಬಗೆಯದು ಸುಲಭವಾಗಿ ಕೈಗೆ ಬರುತ್ತದೆ, ಎರಡನೆಯದು ಸಹನೆಯನ್ನು ಕೇಳುತ್ತದೆ. ಹೊಸಬರು ಮೊದಲನೆಯದರಿಂದಲೇ ತೊಡಗುವುದು ಒಳ್ಳೆಯದು.

ದಾರವೇ ಕಮಾನು

ಪಿಯಾನೋ ಸುತ್ತಿಗೆಯಿಂದ ಬಡಿಸಿಕೊಳ್ಳುವ ವಾದ್ಯ; ಅದರ ಸ್ವರ ಹುಟ್ಟಿದ ಕ್ಷಣದಿಂದಲೇ ಇಳಿಯತೊಡಗುತ್ತದೆ. ಅದರ ತಂತಿಗಳನ್ನು ಪಿಟೀಲಿನಂತೆ ಉಜ್ಜಿದರೆ ಒಳಗಿನಿಂದ ಒಂದು ಇಡೀ ತಂತಿವಾದ್ಯಗಳ ಮೇಳವೇ ಎದ್ದುಬರುತ್ತದೆ. ಅಮೆರಿಕದ ಸಂಗೀತ ರಚನಕಾರ ಸ್ಟೀಫನ್ ಸ್ಕಾಟ್ 1977ರಲ್ಲಿ ಕೊಲರಾಡೋ ಕಾಲೇಜಿನಲ್ಲಿ ಇದಕ್ಕೆಂದೇ ಒಂದು ಮೇಳ ಕಟ್ಟಿದ್ದರು. ತೆರೆದ ಒಂದೇ ಪಿಯಾನೋದ ಸುತ್ತ ಹತ್ತು ಜನ ಬಾಗಿ ನಿಂತು ನುಡಿಸುತ್ತಿದ್ದರು. ಅವರ ಮುಖ್ಯ ಸಾಧನವೆಂದರೆ ರೋಸಿನ್ ಎಂಬ ಗಟ್ಟಿ ರಾಳ ಹಚ್ಚಿದ ನೈಲಾನ್ ಎಳೆ, ಅಂದರೆ ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಅದೇ ದಾರ.

ಮಾಡುವ ಬಗೆ ಹೀಗೆ. 0.3ರಿಂದ 0.4 ಮಿಲಿಮೀಟರ್ ದಪ್ಪದ ನೈಲಾನ್ ದಾರವನ್ನು ಸುಮಾರು 60 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಎಂಟು ಹತ್ತು ಎಳೆಗಳನ್ನು ಒಟ್ಟುಗೂಡಿಸಿ, ಎರಡೂ ತುದಿಗಳಿಗೆ ಗಟ್ಟಿ ಕಾಗದದ ಅಂಟುಪಟ್ಟಿ ಸುತ್ತಿ ಹಿಡಿ ಮಾಡಿಕೊಳ್ಳಬೇಕು. ಪಿಟೀಲು ನುಡಿಸುವವರು ಕಮಾನಿಗೆ ಹಚ್ಚುವ ರೋಸಿನ್ ಗಟ್ಟಿಯ ಮೇಲೆ ಈ ಎಳೆಗಳನ್ನು ಬಿಗಿಯಾಗಿ ಹಿಡಿದು ಹತ್ತಾರು ಸಲ ಎಳೆದರೆ ನುಣುಪಾದ ನೈಲಾನಿನ ಮೇಲೂ ಬಿಳಿಯ ಪುಡಿ ಹಿಡಿದುಕೊಳ್ಳುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಸದ್ದು ಬರಲಿಲ್ಲವೆಂದು ಇನ್ನಷ್ಟು, ಮತ್ತಷ್ಟು ರೋಸಿನ್ ಹಚ್ಚುತ್ತ ಹೋಗುತ್ತಾರೆ. ನಾನು ಮೊದಲ ಸಲ ಹಚ್ಚಿದ್ದು ಎಷ್ಟೆಂದರೆ ಎಳೆದಾಗ ಸ್ವರಕ್ಕಿಂತ ಮುಂಚೆ ಮರಳು ಕಾಗದ ತಿಕ್ಕಿದ ಸದ್ದು ಬಂತು, ಪುಡಿ ತಂತಿಗಳ ಕೆಳಗಿನ ಹಲಗೆಯ ಮೇಲೆಲ್ಲ ಹಿಟ್ಟಿನಂತೆ ಉದುರಿತ್ತು. ತೆಳುವಾಗಿ ಹಚ್ಚಿ, ಎರಡು ಬೆರಳ ನಡುವೆ ಒಮ್ಮೆ ಎಳೆದು ಹೆಚ್ಚಾದ ಪುಡಿಯನ್ನು ಒರೆಸಿ ಆಮೇಲೆ ವಾದ್ಯದ ಹತ್ತಿರ ಹೋಗುವುದೇ ಸರಿ.

ಮಧ್ಯ ಸ್ಥಾಯಿಯ ಒಂದು ಸ್ವರವನ್ನು ಆರಿಸಿ, ಅದರ ಕೀಯನ್ನು ಸದ್ದಾಗದಷ್ಟು ಮೆಲ್ಲಗೆ ಒತ್ತಿ, ಮೇಲೇಳದಂತೆ ಬೆಣೆ ಇಟ್ಟರೆ ತಂತಿಯನ್ನು ತಡೆದು ಹಿಡಿಯುವ ಉಣ್ಣೆಯ ಮೆತ್ತೆಯಾದ ಅದರ ಡ್ಯಾಂಪರ್ ಮಾತ್ರ ಮೇಲೇಳುತ್ತದೆ. ದಾರವನ್ನು ಆ ಸ್ವರದ ತಂತಿಗಳ ಅಡಿಯಿಂದ ತೂರಿಸಿ ಎರಡೂ ತುದಿಗಳನ್ನು ಮೇಲಕ್ಕೆ ತಂದು, ಒಂದು ಕೈ ಏರುವಾಗ ಇನ್ನೊಂದು ಇಳಿಯುವಂತೆ ನಿಧಾನವಾಗಿ ಎಳೆಯಬೇಕು. ರೋಸಿನ್ ತಂತಿಯನ್ನು ಕ್ಷಣಮಾತ್ರ ಅಂಟಿ ಹಿಡಿದು ತನ್ನೊಡನೆ ಒಯ್ಯುತ್ತದೆ, ಬಿಗಿತ ಮೀರಿದಾಗ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಅಂಟು-ಜಾರಾಟದ ಲಯವನ್ನು ನಿರ್ಧರಿಸುವುದು ತಂತಿಯ ಉದ್ದ ಮತ್ತು ಬಿಗಿತ, ನಮ್ಮ ಕೈಯಲ್ಲ. ಕಮಾನಿನ ಒತ್ತಡಕ್ಕೆ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇದೆಯೆಂದೂ, ಉಜ್ಜುವ ಜಾಗ ಕುದುರೆಗೆ ಹತ್ತಿರವಾದಷ್ಟೂ ಹೆಚ್ಚು ಒತ್ತಡ ಬೇಕಾಗುತ್ತದೆಂದೂ ಜಾನ್ ಶೆಲ್ಲೆಂಗ್ 1973ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಅನುಭವದಲ್ಲಿ ಅದರ ಅರ್ಥ ಇಷ್ಟೆ: ಸ್ವರ ಕೀರಲಾದರೆ ಎಳೆತ ಸಡಿಲಿಸಿ, ಪಿಸುಗುಟ್ಟಿದರೆ ಬಿಗಿ ಮಾಡಿ, ಎರಡೂ ಫಲಿಸದಿದ್ದರೆ ದಾರವನ್ನು ತಂತಿಯ ತುದಿಯಿಂದ ಒಂದೆರಡು ಸೆಂಟಿಮೀಟರ್ ಒಳಕ್ಕೆ ಸರಿಸಿ.

ಈಗಲೂ ಕೈಗಳು ದಿಕ್ಕು ಬದಲಿಸುವಾಗ ಒಂದು ಕ್ಷಣದ ತಡೆ ಕೇಳುತ್ತದೆ. ಅದನ್ನು ತೊಡೆದುಹಾಕಲು ಬಳೆಯಾಕಾರದ ದಾರ ಬೇಕು. ಸುಮಾರು ಎರಡು ಮೀಟರ್ ಉದ್ದದ ಎಳೆಯನ್ನು ತಂತಿಯಡಿ ತೂರಿಸಿದ ಮೇಲೆ, ಅದಕ್ಕೆ ಮೊದಲಲ್ಲ, ಅದರ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿ, ಬಾವಿಯಿಂದ ಹಗ್ಗ ಸೇದುವಂತೆ ಒಂದು ಕೈ ಬಿಟ್ಟು ಒಂದು ಕೈ ಎಳೆಯುತ್ತ ಹೋದರೆ ದಾರ ಒಂದೇ ದಿಕ್ಕಿಗೆ ಸುತ್ತುತ್ತಲೇ ಇರುತ್ತದೆ. ಗಂಟು ತಂತಿಯನ್ನು ದಾಟುವಾಗಲೆಲ್ಲ ಟಕ್ ಎನ್ನುತ್ತದೆ. ಮೂರು ನಾಲ್ಕು ಎಳೆಗಳ ಬಳೆಗಳನ್ನು ಮಾಡಿ ಅವುಗಳ ಗಂಟುಗಳು ಒಂದೇ ಕಡೆ ಸೇರದಂತೆ ಹಂಚಿದರೆ ಈ ಸದ್ದು ಬಹುಮಟ್ಟಿಗೆ ಮುಳುಗಿಹೋಗುತ್ತದೆ. ಮಂದ್ರದ ತಾಮ್ರ ಸುತ್ತಿದ ತಂತಿಗಳು ಇದಕ್ಕೆ ಅಷ್ಟಾಗಿ ಒಲಿಯುವುದಿಲ್ಲ. ದಾರ ಸುತ್ತಿನ ಏಣುಗಳಿಗೆ ಸಿಕ್ಕಿಕೊಂಡು ಮೂಲಸ್ವರದ ಬದಲು ಮೇಲಿನ ಹಾರ್ಮೋನಿಕ್‌ಗಳನ್ನೇ, ಅಂದರೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಸ್ವರಗಳನ್ನೇ, ಎಬ್ಬಿಸುತ್ತದೆ. ಅದೂ ಕೇಳಲು ಚೆನ್ನ, ಬೇಕೆಂದು ಮಾಡಿದ್ದಾದರೆ.

ನಿಂತ ಪಿಯಾನೋದಲ್ಲಿ ಸುತ್ತಿಗೆಗಳು ಅಡ್ಡ ಬರುತ್ತವೆ, ಆದ್ದರಿಂದ ಕೆಳಗಿನ ಹಲಗೆಯನ್ನು ತೆಗೆದು ತಂತಿಗಳ ಕೆಳಭಾಗದಲ್ಲಿ ಪ್ರಯತ್ನಿಸಬೇಕು. ಒಂದೊಂದು ತಂತಿಯೂ ಸುಮಾರು 70–80 ಕಿಲೋ ಭಾರಕ್ಕೆ ಸಮನಾದ ಬಿಗಿತದಲ್ಲಿರುವುದರಿಂದ ಮುಖವನ್ನು ಅದರ ಮೇಲೆ ಬಾಗಿಸಿಕೊಂಡು ಕೂರುವುದು ಬೇಡ. ತಂತಿಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನಿಂದ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಒಣ ಹತ್ತಿಬಟ್ಟೆಯಿಂದ ರೋಸಿನ್ ಒರೆಸಬೇಕು. ಸ್ಪಿರಿಟ್ ಬಳಸಿದರೆ ಅದು ಹಲಗೆಯ ಮೆರುಗೆಣ್ಣೆಗೆ ತಗಲಿ ಕಲೆ ಬೀಳುತ್ತದೆ. ಬೇರೆಯವರ ಪಿಯಾನೋ ಆದರೆ ಇದನ್ನೆಲ್ಲ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೈಗೆ ದಣಿವಾದರೆ ಚಕ್ರವಿದೆ. ಯುರೋಪಿನ ಹಳೆಯ ವಾದ್ಯವಾದ ಹರ್ಡಿ-ಗರ್ಡಿಯಲ್ಲಿ ಹಿಡಿಕೆ ತಿರುಗಿಸಿದರೆ ರೋಸಿನ್ ಹಚ್ಚಿದ ಮರದ ಚಕ್ರವೊಂದು ತಂತಿಗಳನ್ನು ಬಿಡುವಿಲ್ಲದೆ ಉಜ್ಜುತ್ತದೆ. ಅದೇ ತತ್ತ್ವವನ್ನು ಯಾವ ತಂತಿವಾದ್ಯಕ್ಕೂ ತರಬಹುದು. 10 ಸೆಂಟಿಮೀಟರ್ ವ್ಯಾಸದ ಮರದ ಬಿಲ್ಲೆಯನ್ನು ನಿಮಿಷಕ್ಕೆ 60 ಸುತ್ತು ತಿರುಗುವ ಗೇರ್ ಮೋಟಾರಿಗೆ ಜೋಡಿಸಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 31 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ, ಇದು ಸಾವಧಾನವಾಗಿ ಎಳೆದ ಕಮಾನಿನ ವೇಗ. ಚಕ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ಸುತ್ತಿಗೊಮ್ಮೆ ಸ್ವರ ಉಬ್ಬಿ ಇಳಿಯುತ್ತದೆ, ಆದ್ದರಿಂದ ಬಿಲ್ಲೆಯನ್ನು ಮೋಟಾರಿಗೆ ಜೋಡಿಸಿ ತಿರುಗಿಸುತ್ತಲೇ ಅಂಚನ್ನು ಮರಳು ಕಾಗದದಿಂದ ತೀಡಿ ಸಮ ಮಾಡಿಕೊಳ್ಳಬೇಕು. ತಂತಿ ಚಕ್ರಕ್ಕೆ ತಾಗುವ ಜಾಗಕ್ಕೆ ಹರ್ಡಿ-ಗರ್ಡಿಯವರು ಮಾಡುವಂತೆ ತೆಳುವಾಗಿ ಹತ್ತಿಯ ಎಳೆ ಸುತ್ತಿದರೆ ಕರಕರ ಸದ್ದು ಹೋಗಿ ಸ್ವರ ಮೃದುವಾಗುತ್ತದೆ. ಮೋಟಾರನ್ನು ಮಾತ್ರ ವಾದ್ಯದ ಮೈಗೆ ತಿರುಪು ಹಾಕಿ ಕೂರಿಸಬೇಡಿ. ಅದರ ಗುರ್ರೆನ್ನುವ ಸದ್ದನ್ನೂ ವಾದ್ಯದ ಹಲಗೆ ಅಷ್ಟೇ ನಿಷ್ಠೆಯಿಂದ ದೊಡ್ಡದು ಮಾಡಿ ಕೇಳಿಸುತ್ತದೆ.

ಮುಟ್ಟದೆ ತಂತಿಯನ್ನು ಕುಣಿಸುವುದು

ಉಕ್ಕಿನ ತಂತಿಯ ಮೇಲೆ ಹಿಡಿದರೆ ಸಾಕು, ಬೆರಳು ಸೋಕದೆ ಸ್ವರ ಏಳುವಂತೆ ಮಾಡುವ ಇಬೋ ಎಂಬ ಅಂಗೈಯಗಲದ ಸಾಧನ 1976ರಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದವರು ಗ್ರೆಗ್ ಹೀಟ್. ಒಳಗೆ ಎರಡು ಸುರುಳಿಗಳಿವೆ, ನಡುವೆ ಒಂದು ಪುಟ್ಟ ಆಂಪ್ಲಿಫೈಯರ್, ಜೊತೆಗೆ 9 ವೋಲ್ಟ್ ಬ್ಯಾಟರಿ. ಒಂದು ಸುರುಳಿ ತಂತಿಯ ಅಲುಗಾಟವನ್ನು ಗಮನಿಸುತ್ತದೆ, ಇನ್ನೊಂದು ಅದೇ ಅಲುಗಾಟವನ್ನು ಹಿಗ್ಗಿಸಿದ ಅಯಸ್ಕಾಂತೀಯ ಎಳೆತವಾಗಿ ತಂತಿಗೆ ವಾಪಸು ಕೊಡುತ್ತದೆ. ತೊಟ್ಟಿಲಿನ ಸಮಯವನ್ನು ತೊಟ್ಟಿಲೇ ಹೇಳುತ್ತಿದೆ ಎನ್ನಬಹುದು.

ಇದನ್ನೇ ಎಲೆಕ್ಟ್ರಿಕ್ ಗಿಟಾರಿಗೆ ಕೈಯಾರೆ ಮಾಡಿಕೊಳ್ಳಬಹುದು, ಬೆಸುಗೆ ಹಾಕಲು ಬಂದರೆ ಒಂದು ರಜೆಯ ದಿನದ ಕೆಲಸ. 0.2 ಮಿಲಿಮೀಟರ್ ದಪ್ಪದ, ಎನಾಮಲ್ ಲೇಪಿಸಿದ ತಾಮ್ರದ ತಂತಿ ಮೀಟರಿಗೆ ಅರ್ಧ ಓಮ್‌ಗಿಂತ ತುಸು ಹೆಚ್ಚು ಪ್ರತಿರೋಧ ಕೊಡುತ್ತದೆ; ಸುಮಾರು ಹದಿನಾಲ್ಕೂವರೆ ಮೀಟರ್ ಸುತ್ತಿದರೆ 8 ಓಮ್‌ನ ಸುರುಳಿಯಾಗುತ್ತದೆ, ಅಂದರೆ ಸಣ್ಣ ಸ್ಪೀಕರೊಂದಕ್ಕೆ ಸಮ. ತೆಳು ಉಕ್ಕಿನ ಪಟ್ಟಿಯೊಂದನ್ನು ನಡುಗಂಬವಾಗಿಟ್ಟು ಅದರ ಸುತ್ತ ಈ ತಂತಿಯನ್ನು ಸುತ್ತಿ, ಪ್ರತಿ ಪದರಕ್ಕೂ ಅಂಟು ಸವರಿ ಗಟ್ಟಿ ಮಾಡಬೇಕು, ಇಲ್ಲವಾದರೆ ಸುರುಳಿಯ ಸುತ್ತುಗಳೇ ನಡುಗಿ ಸಿಳ್ಳೆ ಹಾಕುತ್ತವೆ. ಪಟ್ಟಿಯ ಕೆಳಗೆ ಸಾಧಾರಣ ಅಯಸ್ಕಾಂತ ಸಾಕು. ಹುರುಪಿನಲ್ಲಿ ಬಲವಾದ ನಿಯೋಡಿಮಿಯಮ್ ತುಂಡನ್ನು ಇಟ್ಟರೆ ಅದು ತಂತಿಯನ್ನು ತನ್ನತ್ತ ಸೆಳೆದುಕೊಂಡು ಶ್ರುತಿಯನ್ನೇ ಕೆಡಿಸುತ್ತದೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಗಿಟಾರಿನ ಕುದುರೆಯ ಪಕ್ಕದಲ್ಲಿರುತ್ತದೆ; ಅದರ ಸಂಕೇತವನ್ನು ಎಲ್‌ಎಂ386 ಎಂಬ ಚಿಪ್ಪಿನ ಪುಟ್ಟ ಆಂಪ್ಲಿಫೈಯರಿಗೆ ಕೊಟ್ಟು, ಅದರ ಹೊರತುದಿಯನ್ನು ಕೆಪಾಸಿಟರ್ ಮೂಲಕ ಈ ಸುರುಳಿಗೆ ಜೋಡಿಸಬೇಕು. ಅದೇ 9 ವೋಲ್ಟ್ ಬ್ಯಾಟರಿ ಇದಕ್ಕೂ ಸಾಕು.

ಸುರುಳಿಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ಅರ್ಧ ಕೆಲಸವಿದೆ. ಅದನ್ನು ಕುತ್ತಿಗೆಯ ತುದಿಯ ಹತ್ತಿರ, ಪಿಕಪ್ಪಿನಿಂದ ಆದಷ್ಟು ದೂರ ಇರಿಸಬೇಕು. ಹತ್ತಿರ ಬಂದಷ್ಟೂ ಸುರುಳಿಯ ಅಯಸ್ಕಾಂತ ಕ್ಷೇತ್ರ ತಂತಿಯನ್ನು ಬಳಸದೆ ನೇರವಾಗಿ ಪಿಕಪ್ಪಿಗೆ ಸಿಕ್ಕಿ, ತಂತಿ ಸುಮ್ಮನಿದ್ದರೂ ಕಿವಿ ಚುಚ್ಚುವ ಚೀರಾಟ ಹೊರಡುತ್ತದೆ. ಎಲ್ಲವೂ ಸರಿಯಾಗಿ ಜೋಡಿಸಿದ ಮೇಲೂ ತಂತಿ ಹಿಡಿದುಕೊಳ್ಳದೆ ಬೇಗ ಆರಿಹೋದರೆ ನಿರಾಶರಾಗಬೇಡಿ, ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿ. ಆಗ ತಳ್ಳುವ ಗಳಿಗೆ ಅರ್ಧ ಸುತ್ತು ಮುಂದಕ್ಕೆ ಹೋಗಿ ಸ್ವರ ನಿಲ್ಲುತ್ತದೆ. ತಮಾಷೆಯ ಸಂಗತಿಯೆಂದರೆ, ಈ ‘ತಪ್ಪು’ ಜೋಡಣೆಯಲ್ಲಿ ಮೂಲಸ್ವರ ಸೋತರೂ ಅದರ ಮೇಲಿನ ಯಾವುದಾದರೊಂದು ಹಾರ್ಮೋನಿಕ್‌ಗೆ ಗಳಿಗೆ ಸರಿಹೊಂದಿಬಿಡುತ್ತದೆ, ಸ್ವರ ಒಂದು ಸ್ಥಾಯಿಯೋ ಅದಕ್ಕೂ ಹೆಚ್ಚೋ ಮೇಲೇರಿ ಕೊಳಲಿನಂತೆ ನಿಲ್ಲುತ್ತದೆ. ಹಾಗಾಗಿ ಎರಡು ತುದಿಗಳನ್ನು ಬದಲಿಸುವ ಒಂದು ಸ್ವಿಚ್ ಹಾಕಿಸಿಕೊಂಡರೆ ಒಂದು ತೊಂದರೆಯ ಬದಲು ಎರಡು ಬಣ್ಣಗಳು ಸಿಗುತ್ತವೆ. ಸಣ್ಣ ತಂತಿಗಳ ಮೇಲಿನ ಸ್ವರಗಳು ಮಾತ್ರ ಹಠ ಮಾಡುತ್ತವೆ, ಏಕೆಂದರೆ ಆವೃತ್ತಿ ಏರಿದಂತೆಲ್ಲ ಸುರುಳಿಯಲ್ಲಿ ಕರೆಂಟ್ ಹಿಂದೆ ಬೀಳುತ್ತ ತಳ್ಳುವ ಗಳಿಗೆ ತಪ್ಪುತ್ತದೆ.

ಅಯಸ್ಕಾಂತದ ಸೆಳೆತಕ್ಕೆ ಉಕ್ಕು ಬೇಕು. ಹಿತ್ತಾಳೆ, ಕಂಚಿನ ತಂತಿಗಳಿಗೆ ಇಬೋ ಹಿಡಿದು ಕಾದರೆ ಏನೂ ಆಗುವುದಿಲ್ಲ. ಅವಕ್ಕೆ ಬೇರೆ ಉಪಾಯವಿದೆ: ಕರೆಂಟನ್ನು ತಂತಿಯ ಒಳಗೇ ಹರಿಸಿ, ಅಯಸ್ಕಾಂತವನ್ನು ಹೊರಗಿಡುವುದು. ಕುದುರೆ ಲಾಳದ ಆಕಾರದ ಅಯಸ್ಕಾಂತದ ಎರಡು ಕಾಲುಗಳ ನಡುವೆ ತಂತಿ ಹಾದುಹೋಗುವಂತೆ ಇರಿಸಿ, ತಂತಿಯ ಎರಡೂ ತುದಿಗಳಿಗೆ ಮೊಸಳೆ ಕ್ಲಿಪ್ ಕಚ್ಚಿಸಿ ಆಂಪ್ಲಿಫೈಯರಿನ ಸ್ಪೀಕರ್ ತಂತಿಗಳನ್ನು ಜೋಡಿಸಿದರೆ, ಆಸಿಲೇಟರಿನ ಸಂಕೇತಕ್ಕೆ ತಕ್ಕಂತೆ ತಂತಿ ಅತ್ತಿತ್ತ ತಳ್ಳಿಸಿಕೊಳ್ಳುತ್ತದೆ. ಅಮೆರಿಕದ ಸಂಗೀತ ರಚನಕಾರ ಆಲ್ವಿನ್ ಲೂಸಿಯರ್ 1977ರಲ್ಲಿ ಇಡೀ ಕೋಣೆಯುದ್ದಕ್ಕೆ ಒಂದೇ ತಂತಿಯನ್ನು ಬಿಗಿದು ಹೀಗೆ ಮೊಳಗಿಸಿದ್ದರು. ಆದರೆ ವಾದ್ಯದ ತಂತಿಯ ಪ್ರತಿರೋಧ ಬಹಳ ಕಡಿಮೆ, ನೇರವಾಗಿ ಜೋಡಿಸಿದರೆ ಆಂಪ್ಲಿಫೈಯರ್ ಸುಟ್ಟುಹೋದೀತು. ಆದ್ದರಿಂದ 8 ಓಮ್, 20 ವ್ಯಾಟ್‌ನ ರೆಸಿಸ್ಟರೊಂದನ್ನು ನಡುವೆ ಸರಣಿಯಲ್ಲಿ ಹಾಕಲೇಬೇಕು. ಆ ರೆಸಿಸ್ಟರ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಅದನ್ನು ಮರಕ್ಕೆ ತಾಗಿಸಿ ಇಡಬೇಡಿ. ಅಯಸ್ಕಾಂತವನ್ನು ತಂತಿಯ ನಟ್ಟನಡುವೆ ಇಟ್ಟರೆ ಎರಡನೆಯ, ನಾಲ್ಕನೆಯ ಹಾರ್ಮೋನಿಕ್‌ಗಳು ಏಳುವುದೇ ಇಲ್ಲ, ಅವು ಅಲ್ಲಿ ಅಲುಗಾಡದೆ ನಿಲ್ಲುತ್ತವೆ. ತುದಿಯ ಕಡೆಗೆ ಸರಿಸಿದರೆ ಎಲ್ಲವೂ ಬಾಯಿಬಿಡುತ್ತವೆ.

ಹಿಂದೆ ಹೇಳಿದ ಸಹನೆ ಬೇಕಾಗುವುದು ಇಲ್ಲಿಯೇ. ಮೀಟಿದರೆ 10 ಸೆಕೆಂಡು ಮೊಳಗಿ ಆರುವ ತಂತಿಯೊಂದು ಹೊರಗಿನ ಸಂಕೇತಕ್ಕೆ ಸ್ಪಂದಿಸುವ ಪಟ್ಟಿಯ ಅಗಲ ಹೆಚ್ಚೆಂದರೆ ಕಾಲು ಹರ್ಟ್ಜ್. ತಂತಿ ಚೆನ್ನಾಗಿ ಮೊಳಗುವಂಥದ್ದಾದಷ್ಟೂ ಈ ಕಿಂಡಿ ಕಿರಿದಾಗುತ್ತದೆ. ಆಸಿಲೇಟರನ್ನು ಒಂದೊಂದು ಹರ್ಟ್ಜ್ ಜಿಗಿಸುತ್ತ ಹುಡುಕಿದರೆ ಸ್ವರವನ್ನು ದಾಟಿ ಹೋದದ್ದೂ ತಿಳಿಯುವುದಿಲ್ಲ, 0.1 ಹರ್ಟ್ಜ್‌ನ ಹೆಜ್ಜೆಯಲ್ಲಿ, ಪ್ರತಿ ಹೆಜ್ಜೆಗೂ ಕೆಲವು ಸೆಕೆಂಡು ಕಾದು ಹೋಗಬೇಕು. ಸಿಕ್ಕಿತು ಎನ್ನುವಷ್ಟರಲ್ಲಿ ಕರೆಂಟಿನ ಬಿಸಿಗೆ ತಂತಿ ಹಿಗ್ಗಿ, ಬಿಗಿತ ಸಡಿಲಿ, ಶ್ರುತಿ ಇಳಿದು ಸ್ವರ ಮತ್ತೆ ಕೈತಪ್ಪುತ್ತದೆ. ಆಗ ಶಕ್ತಿ ತಗ್ಗಿಸಿದರೆ ತಂತಿ ತಣಿಯುತ್ತದೆ, ಶ್ರುತಿ ಏರುತ್ತದೆ, ಸ್ವರ ಮರಳುತ್ತದೆ. ಈ ಏರಿಳಿತವನ್ನು ಸರಿಪಡಿಸಲು ನಾನು ಬಹಳ ಹೆಣಗಿದ್ದೆ, ಈಗ ಹಾಗೆಯೇ ಬಿಡುತ್ತೇನೆ.

ವಾದ್ಯದ ಮೈಯನ್ನೇ ಬಳಸುವುದು

ಮೇಲಿನ ಎಲ್ಲವೂ ತಂತಿಯನ್ನು ಹಿಡಿದು ನಡೆದರೆ, ಇದು ಹಲಗೆಯನ್ನು ಹಿಡಿದು ನಡೆಯುತ್ತದೆ. ಚೆಲ್ಲೋ, ಗಿಟಾರ್, ವೀಣೆ, ತಂಬೂರಿ, ಕೊನೆಗೆ ಚರ್ಮವಾದ್ಯಗಳಿಗೂ ಒಪ್ಪುವ ವಿಧಾನ. ಬೇಕಾಗುವುದು ಎರಡು ವಸ್ತುಗಳು: ನಡುಗಿದಾಗ ವಿದ್ಯುತ್ ಸಂಕೇತ ಕೊಡುವ, ಮೈಗೆ ಅಂಟಿಸುವ ಪೀಜೋ ಬಿಲ್ಲೆಯ ಪಿಕಪ್ ಮತ್ತು ಎಕ್ಸೈಟರ್ ಎಂದು ಕರೆಯುವ, ಶಂಕುವಿಲ್ಲದ ಸ್ಪೀಕರ್. ಎಕ್ಸೈಟರ್ ತನ್ನ ಕಂಪನವನ್ನು ಗಾಳಿಗೆ ಕೊಡದೆ ಅಂಟಿಸಿದ ಹಲಗೆಗೆ ಕೊಡುತ್ತದೆ. ಪೀಜೋ ಕೇಳಿದ್ದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಎಕ್ಸೈಟರಿಗೆ ಕಳಿಸುತ್ತದೆ, ಎಕ್ಸೈಟರ್ ಹಲಗೆಯನ್ನು, ಹಲಗೆ ಕುದುರೆಯನ್ನು, ಕುದುರೆ ತಂತಿಯನ್ನು ನಡುಗಿಸುತ್ತದೆ, ತಂತಿಯ ನಡುಕ ಮತ್ತೆ ಪೀಜೋಗೆ ತಲುಪುತ್ತದೆ. ಈ ಸುತ್ತಿನಲ್ಲಿ ಹೋದ ಸಂಕೇತ ಹೊರಟಷ್ಟೇ ಬಲದಿಂದ, ಹೊರಟ ಹಂತದಲ್ಲೇ, ಅಂದರೆ ಅಲೆಯ ಏರಿಳಿತಕ್ಕೆ ಸರಿಯಾಗಿ ಹೊಂದಿಕೊಂಡು, ಮರಳಿ ಬರುವ ಆವೃತ್ತಿ ಯಾವುದೋ ಅದು ಹಾಡಲು ತೊಡಗುತ್ತದೆ. ಐಸ್‌ಲ್ಯಾಂಡಿನ ಹಲ್ದೋರ್ ಉಲ್ಫರ್ಸನ್ ರೂಪಿಸಿದ ಹಲ್ದೋರೋಫೋನ್ ಎಂಬ ಚೆಲ್ಲೋ ಮಾದರಿಯ ವಾದ್ಯ ನಿಂತಿರುವುದು ಇದೇ ತತ್ತ್ವದ ಮೇಲೆ.

ಎಕ್ಸೈಟರನ್ನು ವಾದ್ಯದ ಬೆನ್ನಿನ ಹಲಗೆಗೆ, ಬಣ್ಣ ಕೀಳದ ಅಂಟಿನಿಂದ ಅಂಟಿಸಿ. ಪೀಜೋವನ್ನು ಕುದುರೆಯ ಪಕ್ಕಕ್ಕೆ ಹಚ್ಚಿ. ಪೀಜೋ ಸಂಕೇತವನ್ನು ಒಂದು ಮೆಗಾಓಮ್ ಅಥವಾ ಅದಕ್ಕೂ ಹೆಚ್ಚಿನ ಒಳಪ್ರತಿರೋಧವುಳ್ಳ ಪ್ರೀಆಂಪ್ ಎಂಬ ಮೊದಲ ಹಂತದ ಆಂಪ್ಲಿಫೈಯರಿಗೆ ಕೊಡಬೇಕು, ಸಾಮಾನ್ಯ ಮಿಕ್ಸರಿಗೆ ನೇರವಾಗಿ ಕೊಟ್ಟರೆ ಮಂದ್ರವೆಲ್ಲ ಕಳೆದುಹೋಗಿ ಕೀರಲು ಸದ್ದಷ್ಟೇ ಉಳಿಯುತ್ತದೆ. ಪ್ರೀಆಂಪಿನ ನಂತರ ಆವೃತ್ತಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್, ಅದರ ನಂತರ ಸಂಕೇತ ಒಂದು ಮಿತಿ ಮೀರದಂತೆ ತಡೆಯುವ ಲಿಮಿಟರ್, ಕೊನೆಗೆ ಆಂಪ್ಲಿಫೈಯರ್. ಲಿಮಿಟರನ್ನು ಬಿಟ್ಟು ಈ ಸುತ್ತನ್ನು ಎಂದೂ ಚಾಲೂ ಮಾಡಬೇಡಿ. ಸುತ್ತಿ ಬಂದ ಸಂಕೇತ ಹೊರಟದ್ದಕ್ಕಿಂತ ಬಲವಾದ ಕ್ಷಣದಿಂದ ಸದ್ದು ತಾನಾಗಿ ಬೆಳೆಯುತ್ತಲೇ ಹೋಗುತ್ತದೆ, ಅದಕ್ಕೊಂದು ಸೂರು ಕಟ್ಟುವುದು ಲಿಮಿಟರ್ ಮಾತ್ರ. ಇಲ್ಲದಿದ್ದರೆ ಸೂರು ಕಟ್ಟುವುದು ಎಕ್ಸೈಟರಿನ ಸುಟ್ಟ ಸುರುಳಿ.

ಎಲ್ಲ ತಂತಿಗಳ ಮೇಲೂ ಅಂಗೈ ಇಟ್ಟು, ಮಟ್ಟವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ವಾದ್ಯ ಉಸಿರು ಎಳೆದುಕೊಂಡಂತೆ ಒಂದು ಟೊಳ್ಳು ಸದ್ದು ಮೊದಲು ಕೇಳುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಬಂದು, ಒಂದು ತಂತಿಯ ಮೇಲಿನ ಬೆರಳನ್ನು ಮಾತ್ರ ಎತ್ತಿ. ಆ ತಂತಿ ಯಾರೂ ಮೀಟದೆ ಮೆಲ್ಲಗೆ ಎದ್ದು ತುಂಬಿಕೊಳ್ಳುವುದನ್ನು ಮೊದಲ ಸಲ ಅಂಗೈಯಡಿಯ ಹಲಗೆಯಲ್ಲಿ ತಿಳಿದಾಗ ಮೈ ಜುಮ್ಮೆನ್ನುತ್ತದೆ. ಯಾವ ಸ್ವರ ಬೇಕೆಂಬುದನ್ನು ಆಮೇಲೆ ಮೂರು ದಾರಿಗಳಲ್ಲಿ ಹೇಳಬಹುದು: ಬೇಡದ ತಂತಿಗಳನ್ನು ಬೆರಳಿಂದ ತಡೆದು, ಈಕ್ವಲೈಜರಿನಲ್ಲಿ ಬೇಕಾದ ಆವೃತ್ತಿಯ ಸುತ್ತಲಷ್ಟೇ ತುಸು ಎತ್ತಿ, ಇಲ್ಲವೇ ಪೀಜೋವನ್ನು ಎರಡು ಮೂರು ಸೆಂಟಿಮೀಟರ್ ಸರಿಸಿ. ಮೂರನೆಯದು ಅಗ್ಗದ್ದಾದರೂ ಅದರ ಪರಿಣಾಮ ಅತಿ ದೊಡ್ಡದು. ಹಲಗೆಯ ಒಂದೊಂದು ಜಾಗಕ್ಕೂ ಒಂದೊಂದು ಸ್ವರದ ಮೇಲೆ ಒಲವು. ಮೃದಂಗದಂಥ ಚರ್ಮವಾದ್ಯದಲ್ಲಿ ಎಕ್ಸೈಟರನ್ನು ಕಟ್ಟಿಗೆಯ ಮೈಗೆ ಅಂಟಿಸಿ, ಮೈಕನ್ನು ಚರ್ಮದ ಎದುರು ಒಂದೆರಡು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಪೆಟ್ಟಿಲ್ಲದೆ ಮೊಳಗುವ ಮಂದ್ರ ಹೊರಡುತ್ತದೆ. ಚರ್ಮವನ್ನು ಒತ್ತಿದರೆ ಆ ಸ್ವರ ಬಾಗಿ ಏರುತ್ತದೆ.

ಎಲೆಕ್ಟ್ರಿಕ್ ಗಿಟಾರನ್ನು ಜೋರಾದ ಸ್ಪೀಕರಿನ ಮುಂದೆ ಹಿಡಿದು ಫೀಡ್‌ಬ್ಯಾಕ್ ಪಡೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದರಲ್ಲಿ ಕಾಲಿನ ಹೆಜ್ಜೆಯೇ ಹಂತದ ಗುಂಡಿ ಎಂಬುದನ್ನು ಮಾತ್ರ ಹೇಳುತ್ತೇನೆ: 220 ಹರ್ಟ್ಜ್ ಸ್ವರದ ಅಲೆಯುದ್ದ ಸುಮಾರು 156 ಸೆಂಟಿಮೀಟರ್, ಆದ್ದರಿಂದ 78 ಸೆಂಟಿಮೀಟರ್ ಹಿಂದೆ ಸರಿದರೆ ಅದೇ ಸ್ವರಕ್ಕೆ ಹಂತ ಪೂರ್ತಿ ತಿರುವುಮುರುವಾಗಿ ಅದು ಬಿದ್ದು ಬೇರೊಂದು ಹಾರ್ಮೋನಿಕ್ ಮೇಲೇಳುತ್ತದೆ. ಸ್ವರ ಸಿಕ್ಕ ಜಾಗಗಳನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಟ್ಟುಕೊಳ್ಳಿ.

ಗಾಳಿಗೆ ಒಪ್ಪಿಸುವುದು

ಊದುವ ವಾದ್ಯಗಳಲ್ಲಿ ಕೆನ್ನೆಯಲ್ಲಿ ಗಾಳಿ ಹಿಡಿದಿಟ್ಟು ಮೂಗಿನಿಂದ ಉಸಿರೆಳೆಯುವ ವಿದ್ಯೆ ನಾಗಸ್ವರದವರಿಗೂ ಆಸ್ಟ್ರೇಲಿಯಾದ ಉದ್ದ ಕೊಳವೆ ವಾದ್ಯವಾದ ಡಿಜೆರಿಡೂ ನುಡಿಸುವವರಿಗೂ ಹಳೆಯದು. ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳ್ಳೆ ನಿಲ್ಲದಂತೆ ಊದುವುದೇ ಅದರ ಪಾಠ. ಅದು ವರ್ಷಗಟ್ಟಲೆಯ ಸಾಧನೆ. ಇಲ್ಲಿ ಹೇಳುವುದು ಉಸಿರನ್ನೇ ಬದಲಿಸುವ ಉಪಾಯ.

ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಗಾಳಿ ಸೋರದಂತೆ ಮುಚ್ಚಿ, ಒಂದು ಕೊಳವೆಯನ್ನು ಗಾಳಿಹಾಸಿಗೆ ಉಬ್ಬಿಸುವ ಪಂಪಿಗೂ ಇನ್ನೊಂದನ್ನು ವಾದ್ಯದ ಬಾಯಿಗೂ ಜೋಡಿಸಿ, ಚೀಲದ ಮೇಲೆ ಹಲಗೆ ಇಟ್ಟು ಅದರ ಮೇಲೆ ಭಾರ ಹೇರಬೇಕು. ಪಂಪನ್ನು ನೇರವಾಗಿ ವಾದ್ಯಕ್ಕೆ ಜೋಡಿಸಿದರೆ ಒತ್ತಡ ಮೀರಿ ರೆಕಾರ್ಡರ್ ಎಂಬ ಸೀಟಿಬಾಯಿಯ ಕೊಳಲು ಮೇಲಿನ ಸ್ಥಾಯಿಗೆ ಹಾರುತ್ತದೆ, ಊದಿದಾಗ ಅದುರುವ ತೆಳು ಪಟ್ಟಿಯಾದ ರೀಡು ಇರುವ ವಾದ್ಯವಾದರೆ ಆ ರೀಡು ಕಚ್ಚಿಕೊಂಡು ಮೌನವಾಗುತ್ತದೆ. ನಡುವೆ ಚೀಲವಿದ್ದರೆ ಒತ್ತಡವನ್ನು ನಿರ್ಧರಿಸುವುದು ಪಂಪಲ್ಲ, ಭಾರ. ಲೆಕ್ಕ ಸರಳ: 20×30 ಸೆಂಟಿಮೀಟರಿನ ಹಲಗೆಯ ಮೇಲೆ, ಹಲಗೆಯೂ ಸೇರಿ, 1.2 ಕಿಲೋ ಭಾರವಿದ್ದರೆ ಚದರ ಸೆಂಟಿಮೀಟರಿಗೆ 2 ಗ್ರಾಂ, ಅಂದರೆ 2 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡ. ರೆಕಾರ್ಡರಿಗೆ ಅಷ್ಟರಿಂದ ತೊಡಗಿ, ಭಾರ ಕೂಡಿಸುತ್ತ ಕಳೆಯುತ್ತ ಸ್ವರ ನೆಲೆನಿಲ್ಲುವ ಜಾಗವನ್ನು ಹುಡುಕಬಹುದು. ಪಂಪು ಹೆಚ್ಚು ಗಾಳಿ ತಂದು ಚೀಲ ಉಬ್ಬುತ್ತಲೇ ಹೋದರೆ ಪಂಪಿನ ಕೊಳವೆಗೆ ಸಣ್ಣ ತೂತು ಮಾಡಿ ಹೆಚ್ಚಿನದನ್ನು ಹೊರಗೆ ಬಿಡಿ. ಸ್ವರದ ತೂತುಗಳನ್ನು ಅಂಟುಪಟ್ಟಿಯಿಂದ ಮುಚ್ಚಿದರೆ ಕೈಯೂ ಬೇಕಿಲ್ಲ.

ತಿದಿ ಇರುವ ವಾದ್ಯದಲ್ಲಿ ಕೀಯನ್ನು ಒತ್ತಿ ಹಿಡಿಯಲು ಬೆರಳಿನ ಬದಲು ಭಾರವನ್ನೋ ಕಾಗದದ ಬೆಣೆಯನ್ನೋ ಇಟ್ಟರೆ ಆಯಿತು. ಈ ಉಪಾಯದ ಕೊನೆಯ ಮಾತನ್ನು ಜರ್ಮನಿಯ ಹಾಲ್ಬರ್‌ಸ್ಟಾಟ್ ಪಟ್ಟಣದ ಸಂತ ಬುರ್ಕಾರ್ಡಿ ಇಗರ್ಜಿಯಲ್ಲಿ ನೋಡಬಹುದು. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ, ಆದಷ್ಟು ನಿಧಾನವಾಗಿ ನುಡಿಸಬೇಕೆಂಬ ಸೂಚನೆಯ ಒಂದು ಆರ್ಗನ್ ರಚನೆ ಅಲ್ಲಿ 2001ರ ಸೆಪ್ಟೆಂಬರ್ 5ರಂದು ಆರಂಭವಾಗಿದ್ದು 2640ರವರೆಗೆ, ಒಟ್ಟು 639 ವರ್ಷ ನಡೆಯಬೇಕಾಗಿದೆ. ರಚನೆ ವಿರಾಮದಿಂದಲೇ ಶುರುವಾಗುವುದರಿಂದ ಮೊದಲ ಸ್ವರ ಕೇಳಿದ್ದು 2003ರ ಫೆಬ್ರುವರಿಯಲ್ಲಿ. ಕೂತು ನುಡಿಸುವವರು ಯಾರೂ ಇಲ್ಲ. ವಿದ್ಯುತ್ತಿನ ಪಂಪು ಗಾಳಿ ತುಂಬುತ್ತದೆ, ಪುಟ್ಟ ಮರಳಿನ ಚೀಲಗಳು ಸ್ವರಗಳನ್ನು ಒತ್ತಿ ಹಿಡಿದಿವೆ.

ಪಂಪೂ ಬೇಡವೆಂದರೆ ಬೀಸುವ ಗಾಳಿಯೇ ಇದೆ. ಬಿಗಿದ ತಂತಿಯ ಮೇಲೆ ಗಾಳಿ ಹಾಯುವಾಗ ಅದರ ಹಿಂದೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಪುಟ್ಟ ಸುಳಿಗಳು ಬಿಡಿಸಿಕೊಳ್ಳುತ್ತವೆ. ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸುಳಿಗಳ ಆವೃತ್ತಿ ಸಿಗುತ್ತದೆ: ಅರ್ಧ ಮಿಲಿಮೀಟರ್ ತಂತಿಗೆ ಸೆಕೆಂಡಿಗೆ 4 ಮೀಟರ್ ವೇಗದ ಗಾಳಿಯಲ್ಲಿ 1600 ಹರ್ಟ್ಜ್. ತಂತಿಯ ಮೂಲಸ್ವರ 100 ಹರ್ಟ್ಜ್ ಆಗಿದ್ದರೆ ಏಳುವುದು ಅದರ ಹದಿನಾರನೆಯ ಹಾರ್ಮೋನಿಕ್. ಹೀಗಾಗಿ ಗಾಳಿವೀಣೆಯಲ್ಲಿ ಮೂಲಸ್ವರ ಕೇಳುವುದೇ ಅಪರೂಪ, ಗಾಳಿ ಏರಿದಂತೆ ಸ್ವರ ಹಾರ್ಮೋನಿಕ್‌ಗಳ ಮೆಟ್ಟಿಲನ್ನು ಹತ್ತುತ್ತ ಹೋಗುತ್ತದೆ. ಬೇರೆ ಬೇರೆ ದಪ್ಪದ ಆರೇಳು ನೈಲಾನ್ ತಂತಿಗಳನ್ನು ಉದ್ದನೆಯ ತೆಳು ಪೆಟ್ಟಿಗೆಯ ಮೇಲೆ ಒಂದೇ ಶ್ರುತಿಗೆ ಬಿಗಿದು, ಸ್ವಲ್ಪವೇ ತೆರೆದ ಕಿಟಕಿಯ ಸಂದಿನಲ್ಲಿ ಇಟ್ಟರೆ, ಇಕ್ಕಟ್ಟಿನಲ್ಲಿ ವೇಗ ಪಡೆದ ಗಾಳಿ ಒಂದೊಂದು ತಂತಿಯಿಂದಲೂ ಬೇರೆ ಬೇರೆ ಹಾರ್ಮೋನಿಕ್ ಎಬ್ಬಿಸುತ್ತದೆ. ಮೇಜಿನ ಫ್ಯಾನ್ ಇಟ್ಟು ನೋಡಿದವರಿಗೆ ನಿರಾಶೆಯೇ ಹೆಚ್ಚು, ಅದರ ಗಾಳಿ ಕಲಕಿದ ಗಾಳಿ.

ಫ್ಯಾನಿಗೆ ಬೇರೊಂದು ಉಪಯೋಗವಿದೆ. ಬ್ಯಾಟರಿಯ ಪುಟ್ಟ ಫ್ಯಾನಿನ ರೆಕ್ಕೆ ತೆಗೆದು ಮೆತ್ತನೆಯ ಚರ್ಮದ ಪಟ್ಟಿಗಳನ್ನು ಕಟ್ಟಿ ತಂತಿಯ ಮೇಲೆ ಹಿಡಿದರೆ ಸೆಕೆಂಡಿಗೆ ಹತ್ತಾರು ಮೀಟುಗಳು ಒಂದಕ್ಕೊಂದು ಹೆಣೆದುಕೊಂಡು ಒಂದೇ ಸ್ವರದ ಭ್ರಮೆ ಹುಟ್ಟುತ್ತದೆ. ಇನ್ನು ಟೇಪಿನ ಎರಡು ತುದಿ ಅಂಟಿಸಿ ಬಳೆ ಮಾಡುವುದು, ಪೆಡಲ್ ಒತ್ತಿ ಸ್ವರವನ್ನು ಹೆಪ್ಪುಗಟ್ಟಿಸುವುದು ಇವೆಲ್ಲ ಒಮ್ಮೆ ಬಂದ ಸದ್ದಿನ ಚಿತ್ರವನ್ನು ತೋರಿಸುತ್ತ ಹೋಗುವ ಕೆಲಸ, ವಾದ್ಯ ಆಗಲೇ ಸುಮ್ಮನಾಗಿರುತ್ತದೆ. ಅವು ಕೀಳೆಂದು ಹೇಳುತ್ತಿಲ್ಲ. ಬೆರಳಿಟ್ಟರೆ ಅವು ಬದಲಾಗುವುದಿಲ್ಲ, ನನಗೆ ಬೇಕಾದದ್ದು ಬದಲಾಗುವ ಸ್ವರ.

ನಿಲ್ಲಿಸುವ ಕ್ರಮ

ತಾನಾಗಿ ನಿಲ್ಲದ ಸದ್ದಿನ ಮುಂದೆ ಕಿವಿ ಬೇಗ ಒಗ್ಗಿಹೋಗಿ ಅದರ ಜೋರನ್ನು ಅಳೆಯುವುದನ್ನೇ ಬಿಡುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಅದರ ಅರ್ಧ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿ. ಆ ಲೆಕ್ಕದಲ್ಲಿ 94 ಡೆಸಿಬೆಲ್ ಬಂದರೆ ಉಳಿಯುವುದು ಒಂದೇ ಗಂಟೆ. ಫೋನಿನ ಅಳತೆ ಕರಾರುವಾಕ್ಕಾಗಿಲ್ಲದಿದ್ದರೂ ಕಿವಿಗಿಂತ ಮೇಲು. ಹೆಡ್‌ಫೋನ್ ಹಾಕಿಕೊಂಡು ಫೀಡ್‌ಬ್ಯಾಕಿನ ಸುತ್ತನ್ನು ಮೊದಲ ಸಲ ಪರೀಕ್ಷಿಸಬೇಡಿ.

ಫೀಡ್‌ಬ್ಯಾಕಿನ ವಾದ್ಯವನ್ನು ನಿಲ್ಲಿಸುವಾಗ ಮೊದಲು ಅಂಗೈಯನ್ನು ಎಲ್ಲ ತಂತಿಗಳ ಮೇಲೆ ಚಪ್ಪಟೆಯಾಗಿ ಇಡಬೇಕು, ನಂತರ ಮಟ್ಟವನ್ನು ಸೊನ್ನೆಗಿಳಿಸಬೇಕು, ಆಮೇಲೆಯೇ ವಿದ್ಯುತ್ ತೆಗೆಯಬೇಕು. ಕ್ರಮ ತಪ್ಪಿ ಮೊದಲೇ ಪೀಜೋದ ಜ್ಯಾಕ್ ಕಿತ್ತರೆ ತೆರೆದ ತಂತಿ ಹಿಡಿದ ಗುಂಯ್ ಎನ್ನುವ ಹಮ್ ಪೂರ್ತಿ ಬಲದಲ್ಲಿ ಎಕ್ಸೈಟರಿಗೆ ಹೊಡೆಯುತ್ತದೆ. ನನ್ನ ಗಿಟಾರಿನ ಬೆನ್ನಿನಿಂದ ಎಕ್ಸೈಟರ್ ಅಂಟಿನ ಸಮೇತ ಕಿತ್ತು ನೆಲಕ್ಕೆ ಬಿದ್ದದ್ದು ಹಾಗೆಯೇ. ಪಿಯಾನೋದಲ್ಲಿ ಆದರೆ ಕೀಯಿಂದ ಬೆಣೆಯನ್ನು ತೆಗೆಯುವ ಮೊದಲು ದಾರವನ್ನು ಹೊರಗೆಳೆದುಕೊಳ್ಳಿ, ಡ್ಯಾಂಪರ್ ದಾರದ ಮೇಲೆ ಕೂತುಬಿಟ್ಟರೆ ಅದರ ಉಣ್ಣೆಗೆ ರೋಸಿನ್ ಅಂಟಿಕೊಂಡು ಆ ಸ್ವರ ಮುಂದೆ ಪ್ರತಿ ಸಲವೂ ಸಣ್ಣಗೆ ಗುಸುಗುಡುತ್ತದೆ.